ಬಿಸಿಲಿಗೆ ಕೂರುವ ಗುಂಪು

ನನಗೆ ಮೊದಲಿನಿಂದಲೂ ಒಂದು ಕೆಟ್ಟ ಚಟ. ತರಗತಿಯಲ್ಲಿ ಮಕ್ಕಳು ನಕ್ಕರೆ ಪಾಠ ತಲೆಗೆ ಹತ್ತಿತು ಎಂದು ನಂಬಿಬಿಡುತ್ತೇನೆ. ಅವರನ್ನು ನಗಿಸಲು ಏನು ಬೇಕಾದರೂ ಹೇಳುತ್ತೇನೆ. ಹಾಳಾದ ನಾಲಿಗೆ ಇದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಹೋದದ್ದು ಬರೀ ಮಾತಾಗಿದ್ದರೆ ನಾನು ಇದನ್ನೆಲ್ಲ ಹೇಳುತ್ತಾ ಕೂರುತ್ತಿರಲಿಲ್ಲ.

ಜೂನ್ ತಿಂಗಳ ಮೊದಲ ವಾರ. ಶೀರೆ ನದಿಯ ಈ ತಗ್ಗಿನಲ್ಲಿ ವರ್ಷವೆಲ್ಲ ಬೆವರು ಸುರಿದರೂ ನಮ್ಮ ಚಳಿಗಾಲವಾದ ಜೂನ್ ಬಂದರೆ ಬೆಳಗಿನ ಹೊತ್ತು ಹಲ್ಲು ಕಟಕಟ ಅನ್ನುತ್ತದೆ. ಅವತ್ತು ನಾಲ್ಕನೇ ತರಗತಿಗೆ ಪ್ರಾಣಿಗಳ ಗುಂಪುಗಳ ಪಾಠ. ಮೆಕ್ಕೆಜೋಳದ ಹಿಟ್ಟಿನ ಚೀಲ ಬಿಚ್ಚಿ, ಒಳಮೈ ಮೇಲೆ ಇದ್ದಿಲಿನಿಂದ ಐದು ಮನೆ ಎಳೆದು ಗೋಡೆಗೆ ತೂಗುಹಾಕಿದ್ದೆ. ಹಾಲು ಕುಡಿಸುವ ಗುಂಪು, ಹಕ್ಕಿಗಳ ಗುಂಪು, ತೆವಳುವ ಗುಂಪು, ನೀರಿಗೂ ನೆಲಕ್ಕೂ ಸೇರಿದ ಕಪ್ಪೆಗಳ ಗುಂಪು, ಮೀನಿನ ಗುಂಪು. ಪ್ರತಿಯೊಂದರ ಕೆಳಗೂ ಅದರ ಲಕ್ಷಣ. ಹಲಗೆಯ ಮೇಲುಗಡೆ ನನ್ನ ಮಂತ್ರ ಯಾವಾಗಲೂ ಇರುತ್ತಿತ್ತು: ಮೊದಲು ನೋಡು, ಮುಟ್ಟು, ಆಮೇಲೆ ಬರೆ.

ನಲವತ್ತಮೂರು ಮಕ್ಕಳು. ಬಾವಲಿ ಹಕ್ಕಿಯಲ್ಲ ಎಂದಾಗ ಜಗಳಕ್ಕೇ ಬಂದರು. ಗೊದಮೊಟ್ಟೆ ಮೀನಿನ ಹಾಗೇ ಇದೆ, ಅದನ್ನು ಯಾಕೆ ಕಪ್ಪೆಯ ಮನೆಗೆ ಹಾಕಿದಿರಿ ಎಂದು ಒಬ್ಬ ಕೇಳಿದ. ಮರಿ ನೋಡಲು ಹೇಗೇ ಇರಲಿ, ತಾಯಿ ಯಾವ ಗುಂಪೋ ಮರಿಯೂ ಅದೇ ಗುಂಪು ಎಂದೆ. ಎಲ್ಲರಿಂದ ಮೂರು ಸಲ ಹೇಳಿಸಿದೆ. ಮೂರು ಸಲವೂ ಚೆನ್ನಾಗಿಯೇ ಹೇಳಿದರು.

ಆಗ ಮುಂದಿನ ಸಾಲಿನಿಂದ ತಿಯಾಮಿಕೆ ಎದ್ದು ನಿಂತಳು. ಊರ ಯಜಮಾನ ಚಿಂಗಾಲೆಯವರ ಮೊಮ್ಮಗಳು, ಹನ್ನೊಂದು ವರ್ಷ. ತರಗತಿಗೆಲ್ಲ ಜಾಣೆ. ಅವಳ ಅಕ್ಷರ ನನ್ನ ಅಕ್ಷರಕ್ಕಿಂತ ದುಂಡು.

"ಮೇಡಂ, ಮನುಷ್ಯರೇ ಮೊಸಳೆ ಆಗಿ ನೀರಿಗಿಳೀತಾರಲ್ಲ, ಅವರನ್ನ ಯಾವ ಮನೇಲಿ ಬರೀಬೇಕು?"

ಈ ಊರಿನಲ್ಲಿ ಇದು ತಮಾಷೆಯ ಪ್ರಶ್ನೆಯಲ್ಲ. ಇಲ್ಲಿ ಮೊಸಳೆ ಎರಡು ಬಗೆ. ದೇವರ ಮೊಸಳೆ ಒಂದು, ಮನುಷ್ಯರ ಮೊಸಳೆ ಇನ್ನೊಂದು. ದೇವರದ್ದು ಹಸಿವಾದರೆ ತಿನ್ನುತ್ತದೆ. ಮನುಷ್ಯರದ್ದು, ಮಾಟದಿಂದ ತಾವೇ ಆದದ್ದೋ ಕಳಿಸಿದ್ದೋ, ಹೊಟ್ಟೆಕಿಚ್ಚಿಗೆ ತಿನ್ನುತ್ತದೆ. ಹಾಗೆಲ್ಲ ಇಲ್ಲ ತಾಯಿ, ಅದು ಸುಳ್ಳು ಎಂದು ಒಂದೇ ಮಾತಿನಲ್ಲಿ ಹೇಳಬೇಕಿತ್ತು. ತರಬೇತಿಯಲ್ಲಿ ನಮಗೆ ಕಲಿಸಿದ್ದೂ ಅದನ್ನೇ. ನಾನು ಸೊಂಟದ ಮೇಲೆ ಕೈಯಿಟ್ಟೆ.

"ಲಕ್ಷಣ ನೋಡಮ್ಮ. ಚರ್ಮ ಒಣಗಿ ಹುರುಪೆ ಎದ್ದಿದ್ಯಾ? ಮುಟ್ಟಿದ್ರೆ ಮೈ ತಣ್ಣಗಿದ್ಯಾ? ಬೆಳಿಗ್ಗೆ ಎದ್ದ ತಕ್ಷಣ ಬಿಸಿಲು ಕಾಯ್ಸೋಕೆ ಕೂರುತ್ತಾ? ಮೂರೂ ಇದ್ರೆ ತೆವಳೋ ಗುಂಪು. ಚಿತೆಂಜೆ ಉಟ್ಕೊಂಡಿದ್ರೂ ಅಷ್ಟೇ."

ಮೊಸಳೆಯು ಹೆಂಗಸರ ಹಾಗೆ ಸೊಂಟಕ್ಕೆ ಚಿತೆಂಜೆ ಬಟ್ಟೆ ಸುತ್ತಿಕೊಂಡು ನಡೆಯುವುದನ್ನು ನಾನು ಎರಡು ಹೆಜ್ಜೆ ನಡೆದು ಬೇರೆ ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ತಿಯಾಮಿಕೆ ನಗಲಿಲ್ಲ. ಅವಳು ಕೂತು ಬರೆದುಕೊಂಡಳು.

ಮನೆಪಾಠ ಕೊಟ್ಟೆ. ಮನೆ ಸುತ್ತಮುತ್ತ ಇರುವ ಪ್ರಾಣಿಗಳಲ್ಲಿ ಪ್ರತಿ ಗುಂಪಿಗೆ ಒಂದನ್ನು ಹುಡುಕಿ, ಲಕ್ಷಣಗಳನ್ನು ನಿಮ್ಮ ಕಣ್ಣಾರೆ ನೋಡಿ ಬರೆದು ತನ್ನಿ ಎಂದೆ. ಸಮಯ ಒಂದು ವಾರ.

ಇಲ್ಲಿ ಎಮೆಲೆಸಿ ಅಜ್ಜಿಯ ವಿಷಯ ಹೇಳಬೇಕು. ನದಿಗೆ ಇಳಿಯುವ ದಾರಿಯಲ್ಲಿ ಕೊನೆಯ ಗುಡಿಸಲು ಅವಳದು. ಗಂಡ ಇಲ್ಲ, ಮಕ್ಕಳಿಲ್ಲ. ಹುಟ್ಟಿದಾಗಿನಿಂದ ಅವಳದು ಒಣ ಚರ್ಮ, ಮೊಣಕಾಲಿನ ಕೆಳಗೆ ಕೆರೆದರೆ ಹೊಟ್ಟಿನ ಹಾಗೆ ಉದುರುತ್ತದೆ. ಚಳಿಗಾಲದಲ್ಲಿ ಬಿರುಕು ಬಿಟ್ಟು ರಕ್ತ ಬರುತ್ತದೆ. ಬೆಳಗಾದರೆ ಚಾಪೆ ಎಳೆದುಕೊಂಡು ಪೂರ್ವದ ಗೋಡೆಗೆ ಒರಗಿ ಬಿಸಿಲಿಗೆ ಕಾಲು ಚಾಚುತ್ತಾಳೆ. ತಿಂಗಳಿಗೊಮ್ಮೆ ನಾನು ಒಂದು ಡಬ್ಬಿ ವ್ಯಾಸಲೀನ್ ತೆಗೆದುಕೊಂಡು ಹೋಗುತ್ತಿದ್ದೆ. ಮೇಡಂಗೆ ಕರುಣೆ ಜಾಸ್ತಿ ಎಂದು ಊರವರು ಅಂದುಕೊಂಡಿದ್ದರು.

ಕರುಣೆ ಅಲ್ಲ. ನಾನು ಹುಟ್ಟಿದ್ದು ಇಲ್ಲಿಂದ ದೂರ, ಥ್ಯೊಲೊದ ಚಹಾ ತೋಟದ ಕೂಲಿ ಲೈನಿನಲ್ಲಿ. ಹೆರಿಗೆಯಲ್ಲೇ ಅಮ್ಮ ತೀರಿಕೊಂಡಳು. ಅದೇ ವಾರ ಪಕ್ಕದ ಕೋಣೆಯ ಎಮೆಲೆಸಿಯ ಕೂಸು ಸತ್ತಿತ್ತು, ಹನ್ನೊಂದು ದಿನದ ಕೂಸು. ನಮ್ಮಲ್ಲಿ ಹೊರಗೆ ತಂದು ಹತ್ತು ಜನರಿಗೆ ತೋರಿಸುವ ಮೊದಲೇ ಸತ್ತ ಕೂಸಿಗೆ ಹೆಸರಿಲ್ಲ, ಸೂತಕವಿಲ್ಲ. ಹೆಂಗಸರೇ ಮಡಕೆಯಲ್ಲಿಟ್ಟು ಹೂತುಬಿಡುತ್ತಾರೆ, ಆಮೇಲೆ ಅದರ ಸುದ್ದಿ ಎತ್ತುವಂತಿಲ್ಲ. ಅವಳ ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದಿತ್ತು. ನನ್ನಪ್ಪ ನನ್ನನ್ನು ಒಯ್ದು ಅವಳ ಮಡಿಲಿಗೆ ಹಾಕಿದ. ಎರಡು ವರ್ಷ ನಾನು ಕುಡಿದದ್ದು ಅವಳ ಹಾಲು. ಗಂಡ ಸತ್ತ ಮೇಲೆ ಅವಳು ತನ್ನೂರಿಗೆ, ಅಂದರೆ ಇಲ್ಲಿಗೆ, ಮರಳಿದಳು. ಇಷ್ಟು ವರ್ಷಗಳ ಮೇಲೆ ಸರಕಾರ ನನ್ನನ್ನು ಇದೇ ಊರಿನ ಶಾಲೆಗೆ ಹಾಕಿತು. ಬಾಗಿಲಲ್ಲಿ ನಿಂತು ಹೆಸರು ಹೇಳಿದಾಗ ಅವಳು ಬಹಳ ಹೊತ್ತು ನನ್ನ ಮುಖ ಸವರಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಇದನ್ನ ಯಾರಿಗೂ ಹೇಳ್ಬೇಡ ಮಗಾ. ಈ ಊರು ಸರಿಯಿಲ್ಲ. ನನ್ನ ಹೆಸರಿನ ಜೊತೆ ನಿನ್ನ ಹೆಸರು ಸೇರೋದು ಬೇಡ."

ಯಾಕೆ ಎಂದು ನಾನು ಕೇಳಬೇಕಾಗಿರಲಿಲ್ಲ. ಮೂರು ವರ್ಷದ ಹಿಂದೆ ಆಚೆ ಊರಿನಲ್ಲಿ ಮೊಸಳೆ ಕಳಿಸಿದ ಎಂದು ಒಬ್ಬ ಮುದುಕನ ಗುಡಿಸಲಿಗೆ ಹೊರಗಿನಿಂದ ಅಗುಳಿ ಹಾಕಿ ಬೆಂಕಿ ಇಟ್ಟಿದ್ದರು. ಅದನ್ನು ಇಲ್ಲಿ ಮಕ್ಕಳೂ ಬಲ್ಲರು.

ಪಾಠ ಮಾಡಿದ ನಾಲ್ಕನೆಯ ದಿನ ಮೊಸಳೆ ಲೊನೆಸಿಯನ್ನು ಎಳೆದುಕೊಂಡು ಹೋಯಿತು. ತಿಯಾಮಿಕೆಯ ಅಕ್ಕ, ಹದಿನೇಳು ವರ್ಷ, ಹತ್ತಿ ಬಿಡಿಸಿದ ಮೇಲೆ ಮದುವೆ ಎಂದು ನಿಶ್ಚಯವಾಗಿತ್ತು. ಬೋರ್‌ವೆಲ್ಲಿನ ಪಂಪು ಕೆಟ್ಟು ಎಂಟು ತಿಂಗಳು, ಊರಿಗೆಲ್ಲ ನದಿಯ ನೀರೇ ಗತಿ. ನೀರು ತುಂಬುವ ಜಾಗದಲ್ಲಿ ಮೊಸಳೆ ಒಳಗೆ ಬಾರದ ಹಾಗೆ ನದಿಯಲ್ಲೇ ಅರ್ಧ ಸುತ್ತು ಗೂಟದ ಬೇಲಿ ಇರುತ್ತದೆ. ಮಾರ್ಚಿನ ನೆರೆಗೆ ಆರು ಗೂಟ ಕೊಚ್ಚಿಹೋಗಿದ್ದವು. ಬೇಲಿ ಸರಿಮಾಡಿಸುವುದು ಯಜಮಾನರ ಕೆಲಸ. ಹತ್ತಿ ಮುಗಿಯಲಿ ಎನ್ನುತ್ತಿದ್ದರು. ಲೊನೆಸಿ ಬಗ್ಗಿ ನೀರು ತುಂಬುತ್ತಿದ್ದಳಂತೆ. ಜೊತೆಯ ಹೆಂಗಸರು ಕೂಗಿಕೊಳ್ಳುವಷ್ಟರಲ್ಲಿ ಹಳದಿ ಬಕೆಟ್ಟು ಮಾತ್ರ ತೇಲುತ್ತಿತ್ತು.

ದೇಹ ಸಿಗಲಿಲ್ಲ. ಬಾಳೆಯ ದಿಂಡಿಗೆ ಅವಳ ಚಿತೆಂಜೆ ಸುತ್ತಿ ಹೂತರು. ನಾನೂ ಹೋಗಿದ್ದೆ. ಅಳು ಮುಗಿದ ಮೇಲೆ ಹೆಂಗಸರ ನಡುವೆ ಒಂದೇ ಪ್ರಶ್ನೆ ಓಡಾಡುತ್ತಿತ್ತು, ಯಾರದು? ಮೊಸಳೆ ಯಾರದು? ಇಂಥ ಹೊತ್ತಿನಲ್ಲಿ ಆಚೆ ದಡದ ಮದ್ದಿನವನಿಗೆ ಹೇಳಿಕಳಿಸುತ್ತಾರೆ. ಅವನು ಬಂದು, ಕೋಳಿ ತಿಂದು, ಕುಣಿದು, ಹೆಸರು ಹೇಳುವಷ್ಟರಲ್ಲಿ ಮೂರು ವಾರ ಆಗುತ್ತದೆ. ಅಷ್ಟರಲ್ಲಿ ಎಷ್ಟೋ ಸಲ ಸಿಟ್ಟು ಆರಿರುತ್ತದೆ. ಈ ಸಲ ಯಾರೂ ಅವನಿಗೆ ಹೇಳಿಕಳಿಸಿಲ್ಲ ಎಂದು ಕೇಳಿ ನನಗೆ ಸಮಾಧಾನವಾಯಿತು. ನನ್ನ ಬುದ್ಧಿಗಿಷ್ಟು!

ಮುಂದಿನ ಸೋಮವಾರ ತಿಯಾಮಿಕೆ ಶಾಲೆಗೆ ಬಂದಳು. ತಲೆ ಬೋಳಿಸಿದ್ದರು. ಸಾಲಿನಲ್ಲಿ ಬಂದು ಎಲ್ಲರ ಹಾಗೆ ಮನೆಪಾಠದ ಪುಸ್ತಕ ಇಟ್ಟಳು. ಈ ದುಃಖದಲ್ಲೂ ಬರೆದಿದ್ದಾಳಲ್ಲ ಎಂದುಕೊಂಡೆ. ಉಳಿದ ನಲವತ್ತೆರಡು ಪುಸ್ತಕ ಅಕ್ಷರ ಅಕ್ಷರ ನೋಡಿದವಳು ಅವಳ ಪುಸ್ತಕ ಮಾತ್ರ ನೋಡಲಿಲ್ಲ. ಅವಳದ್ದು ಯಾವತ್ತು ತಪ್ಪಿತ್ತು? ಐದು ಮನೆ ನೀಟಾಗಿ ಎಳೆದಿತ್ತು, ಅಷ್ಟು ಕಂಡೆ. ಪುಟದ ಮೇಲೆ ದೊಡ್ಡದಾಗಿ ಕೆಂಪು ಗುರುತು ಹಾಕಿ, ತುಂಬಾ ಚೆನ್ನಾಗಿದೆ ಎಂದು ಬರೆದೆ. ಪುಸ್ತಕ ವಾಪಸ್ ಕೊಡುವಾಗ ತಲೆ ಸವರಿದೆ. ಅವಳು ಗುರುತನ್ನು ಬಹಳ ಹೊತ್ತು ನೋಡಿದಳು.

ಬುಧವಾರ ಸಂಜೆ ವ್ಯಾಸಲೀನ್ ಡಬ್ಬಿ ಹಿಡಿದು ಅಜ್ಜಿಯ ಹತ್ತಿರ ಹೋದೆ. ಅವಳ ಮುಖ ಅರಳಿತ್ತು.

"ನಿನ್ನ ಮಕ್ಕಳು ಬಂದು ಬಂದು ನೋಡ್ಕೊಂಡು ಹೋಗ್ತಾರೆ ಕಣೇ. ಆ ಯಜಮಾನರ ಮೊಮ್ಮಗಳು ಪಾಪ, ಅಕ್ಕ ಹೋದ ಮೂರನೇ ದಿನವೇ ಬಂದಿದ್ಲು. ನನ್ನ ಕಾಲು ಮುಟ್ಟಿ ನೋಡಿದ್ಲು. ಎಷ್ಟು ತಣ್ಣಗಿದೀಯಾ ಅಜ್ಜಿ ಅಂದ್ಲು. ಈಗಿನ ಕಾಲದಲ್ಲಿ ಯಾರು ಹಾಗೆ ವಿಚಾರಿಸ್ತಾರೆ?"

ನಾನು ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚಿದೆ. ಮೊದಲು ನೋಡು, ಮುಟ್ಟು, ಆಮೇಲೆ ಬರೆ. ಬೇರೆ ಏನಾದರೂ ಕೇಳಿದಳಾ ಎಂದೆ. ಬೆಳಿಗ್ಗೆ ಎಷ್ಟು ಹೊತ್ತು ಬಿಸಿಲಲ್ಲಿ ಕೂರುತ್ತೀ ಎಂದು ಕೇಳಿದಳಂತೆ. ಅಜ್ಜಿ ಇದ್ದದ್ದು ಇದ್ದ ಹಾಗೆ ಹೇಳಿದ್ದಳು.

ನಾನು ಯಜಮಾನರ ಮನೆಗೆ ಓಡಿದೆ. ತಿಯಾಮಿಕೆಯ ಪುಸ್ತಕದಲ್ಲಿ ಒಂದು ತಪ್ಪು ಉಳಿದುಹೋಗಿದೆ, ಕೊಡಿ ಎಂದೆ. ಅವಳ ಅಮ್ಮ ನನ್ನ ಮುಖ ನೋಡದೆ, ಪುಸ್ತಕ ಅವಳ ತಾತನ ಹತ್ತಿರ ಇದೆ, ಅವರು ಮನೆಯಲ್ಲಿಲ್ಲ ಎಂದಳು. ಅಂಗಳದ ಮೂಲೆಯಲ್ಲಿ ಒಣಹುಲ್ಲಿನ ಹೊರೆಗಳು ಇದ್ದವು. ಹೊಸದಾಗಿ ಕಟ್ಟಿದ್ದು. ಮಳೆಗೆ ಇನ್ನೂ ಐದು ತಿಂಗಳಿದೆ, ಈಗ ಯಾರ ಮನೆಗೆ ಹುಲ್ಲು ಹೊದಿಸುತ್ತಾರೆ?

ಗುರುವಾರ ಬೆಳಿಗ್ಗೆ ಎಂಟಕ್ಕೆ ವಾರದ ಲಾರಿ ಬಂದು ಹೋಗುತ್ತದೆ. ಪೊಲೀಸ್ ಠಾಣೆ ಇರುವ ಊರಿಗೆ ಅದೊಂದೇ ದಾರಿ. ಅಜ್ಜಿಯನ್ನು ಹತ್ತಿಸಿಬಿಡೋಣ ಎಂದು ನಸುಕಿನಲ್ಲೇ ಅವಳ ಗುಡಿಸಲಿಗೆ ಹೋದೆ. ಬಾಗಿಲ ಮುಂದೆ ಆಗಲೇ ನಾಲ್ಕು ಜನ ಗಂಡಸರು ಕೂತಿದ್ದರು. ಬಾಯಿತುಂಬ ನಮಸ್ಕಾರ ಹೇಳಿದರು. ಮಧ್ಯಾಹ್ನ ಯಜಮಾನರ ಅಂಗಳದಲ್ಲಿ ಮಾತಿದೆ, ಅಲ್ಲಿವರೆಗೆ ಅಜ್ಜಿ ಎಲ್ಲೂ ಹೋಗುವ ಹಾಗಿಲ್ಲ, ನೀವೂ ಬರಬೇಕಂತೆ ಮೇಡಂ ಎಂದರು. ಲಾರಿಯ ಸದ್ದು ದೂರದಲ್ಲಿ ಬಂತು, ನಿಂತಿತು, ಹೋಯಿತು. ನಾನು ಅಲ್ಲೇ ನಿಂತು ಕೇಳಿದೆ.

ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಗಲಾಟೆ ಇಲ್ಲ. ಗಲಾಟೆ ಇದ್ದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಮಾವಿನ ಮರದ ಕೆಳಗೆ ಚಾಪೆ ಹಾಸಿ ಅಜ್ಜಿಯನ್ನು ಕೂರಿಸಿದ್ದರು, ಸುತ್ತ ಹತ್ತು ಹೆಜ್ಜೆ ಖಾಲಿ ಬಿಟ್ಟು. ಚಿಂಗಾಲೆಯವರ ಕಣ್ಣುಗಳು ಅತ್ತು ಅತ್ತು ಕೆಂಪಾಗಿದ್ದವು. ಅವರ ಕೈಯಲ್ಲಿ ತಿಯಾಮಿಕೆಯ ಪುಸ್ತಕ. ಅದನ್ನು ನನ್ನ ಕಡೆ ಚಾಚಿದರು.

"ಮೇಡಂ, ಇದು ನಿಮ್ಮ ಗುರುತಾ?"

ತೆವಳುವ ಗುಂಪಿನ ಮನೆಯಲ್ಲಿ ದುಂಡು ಅಕ್ಷರದಲ್ಲಿ ಬರೆದಿತ್ತು: ಎಮೆಲೆಸಿ ಅಜ್ಜಿ. ಒಣ ಚರ್ಮ, ಹುರುಪೆ ಇದೆ. ಮುಟ್ಟಿ ನೋಡಿದೆ, ತಣ್ಣಗಿದೆ. ಬೆಳಿಗ್ಗೆಯಿಂದ ಹೊತ್ತು ಏರುವವರೆಗೆ ಬಿಸಿಲಿನಲ್ಲಿ ಕೂರುತ್ತದೆ. ಕೂರುತ್ತದೆ ಎಂದು ಬರೆದಿದ್ದಳು. ಅದರ ಮೇಲೆಯೇ ನನ್ನ ಕೆಂಪು ಗುರುತಿನ ಬಾಲ ಹಾದುಹೋಗಿತ್ತು.

"ಹೌದು," ಎಂದೆ.

"ಕೆಳಗೆ ಏನೋ ಬರ್ದಿದೀರಿ. ನನಗೆ ಓದೋಕೆ ಬರಲ್ಲ. ನೀವೇ ಓದಿ."

ಓದಿದೆ. ತುಂಬಾ ಚೆನ್ನಾಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಅವರು ಇನ್ನೊಮ್ಮೆ ಓದಿಸಿದರು.

ಆಮೇಲೆ ನಾನು ಮಾತಾಡಿದೆ, ಬೇಕಾದಷ್ಟು ಮಾತಾಡಿದೆ. ಓದದೆ ಗುರುತು ಹಾಕಿದೆ ಎಂದೆ. ತರಗತಿಯಲ್ಲಿ ಹೇಳಿದ್ದು ತಮಾಷೆ ಎಂದೆ. ತಮಾಷೆಯ ಮಾತು ಅವರ ಮುಖಕ್ಕೆ ತಾಗಲೇ ಇಲ್ಲ. ಹೆಣ ಬಿದ್ದ ಮನೆಯಲ್ಲಿ ಯಾರು ತಮಾಷೆ ಕೇಳುತ್ತಾರೆ? ಸಿಟ್ಟು ನೆತ್ತಿಗೇರಿ, ಆರು ಗೂಟ ನೆಟ್ಟಿದ್ದರೆ ಲೊನೆಸಿ ಇವತ್ತು ಇರುತ್ತಿದ್ದಳು ಎಂದೂ ಅಂದುಬಿಟ್ಟೆ. ಚಿಂಗಾಲೆಯವರ ಮುಖ ಕಲ್ಲಾಯಿತು. ಅಲ್ಲಿಗೆ ತಪ್ಪು ತಮ್ಮ ತಲೆಗೆ ಬಾರದಿರಲು ಅವರು ಬೇರೆ ಯಾರನ್ನಾದರೂ ಹಿಡಿಯಲೇಬೇಕಾಯಿತು, ಅದು ನನಗೆ ಆಮೇಲೆ ಹೊಳೆಯಿತು.

ಕೊನೆಗೆ ನಾನು ಪಾಠಕ್ಕೇ ಬಂದೆ. ಮನುಷ್ಯರು ಹಾಲಿನ ಗುಂಪು, ಹೆಂಗಸು ಮಗುವಿಗೆ ಹಾಲು ಕೊಡುತ್ತಾಳೆ, ಮೊಸಳೆ ಕೊಡುವುದಿಲ್ಲ, ಉಳಿದ ಲಕ್ಷಣ ನೂರಿದ್ದರೂ ಅದೊಂದು ಸಾಕು ಎಂದೆ. ಇದು ಜನಕ್ಕೆ ನಾಟಿತು. ಒಬ್ಬರ ಮುಖ ಒಬ್ಬರು ನೋಡಿದರು. ಹೆಂಗಸರ ಸಾಲಿನಿಂದ ಒಂದು ದನಿ, ಹಾಗಾದರೆ ಇವಳು ಯಾರಿಗೆ ಕೊಟ್ಟಿದ್ದಾಳೆ, ಇವಳು ಹೆತ್ತಿದ್ದನ್ನು ಯಾರು ಕಂಡಿದ್ದಾರೆ ಎಂದು ಕೇಳಿತು.

ಚಿಂಗಾಲೆಯವರು ಅಜ್ಜಿಯ ಕಡೆ ತಿರುಗಿದರು. "ಹೇಳು. ನಿನ್ನ ಹಾಲು ಕುಡಿದವರು ಯಾರಿದಾರೆ?"

ಅಜ್ಜಿ ನನ್ನನ್ನು ನೋಡಿದಳು. ಒಂದು ಗಳಿಗೆ ಮಾತ್ರ. ಬೇಡ ಎನ್ನುವ ಹಾಗೆ ಕಣ್ಣು ಮುಚ್ಚಿ ತೆರೆದಳು.

"ಯಾರೂ ಇಲ್ಲ," ಎಂದಳು.

ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದು ಕೇಳಬೇಡಿ. ಹುಲ್ಲಿನ ಹೊರೆಯ ಹತ್ತಿರ ಇಬ್ಬರು ಬಗ್ಗಿ ಹಗ್ಗಕ್ಕೆ ಕೈ ಹಾಕಿದ್ದನ್ನು ನೋಡುವಷ್ಟು ಹೊತ್ತು ಸುಮ್ಮನಿದ್ದೆ. ನನ್ನ ನೌಕರಿ, ನನ್ನ ಬಾಗಿಲು, ನನ್ನ ಬಾಗಿಲಿನ ಹೊರಗಿನ ಅಗುಳಿ, ಎಲ್ಲ ಕಣ್ಣ ಮುಂದೆ ಬಂತು. ನನಗೆ ಭಯವಾಗಿತ್ತು. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ?

"ನಾನು ಕುಡಿದಿದೀನಿ," ಎಂದೆ. "ಎರಡು ವರ್ಷ. ಥ್ಯೊಲೊದಲ್ಲಿ. ಇವಳು ನನ್ನ ತಾಯಿ."

ಅಜ್ಜಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಜನ ಉಸಿರು ಬಿಟ್ಟರು. ಹಗ್ಗ ಹಿಡಿದವರು ಬಿಟ್ಟು ನಿಂತರು. ಗೆದ್ದೆ ಅಂದುಕೊಂಡೆ, ದೇವರಾಣೆ ಹಾಗೇ ಅಂದುಕೊಂಡೆ.

ಆಗ ತಿಯಾಮಿಕೆ ತಾತನ ಪಕ್ಕದಿಂದ ಎದ್ದು ನಿಂತಳು. ತರಗತಿಯಲ್ಲಿ ನಿಲ್ಲುವ ಹಾಗೆಯೇ ಕೈ ಕಟ್ಟಿ ನಿಂತಿದ್ದಳು. ಅವಳಲ್ಲಿ ಹಗೆ ಇರಲಿಲ್ಲ.

"ಮರಿ ನೋಡೋಕೆ ಹೇಗೇ ಇರಲಿ," ಎಂದಳು, "ತಾಯಿ ಯಾವ ಗುಂಪೋ ಮರಿಯೂ ಅದೇ ಗುಂಪು. ಅಲ್ವಾ ಮೇಡಂ?"

ನನ್ನ ಹತ್ತಿರ ನಿಂತಿದ್ದ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಇನ್ನೊಂದು ಹೆಜ್ಜೆ. ಅಜ್ಜಿಯ ಸುತ್ತ ಇದ್ದಷ್ಟೇ ಖಾಲಿ ಜಾಗ ನನ್ನ ಸುತ್ತಲೂ ಆಯಿತು.

ಸರಕಾರದ ಮೇಡಂ ಮೇಲೆ ಕೈ ಮಾಡಿದರೆ ಪೊಲೀಸರು ಬರುತ್ತಾರೆ ಎಂದು ಯಾರೋ ಹಿರಿಯರು ಚಿಂಗಾಲೆಯವರ ಕಿವಿಯಲ್ಲಿ ಹೇಳಿದರು. ಅವರು ಯೋಚಿಸಿ ತೀರ್ಪು ಕೊಟ್ಟರು. ಇವತ್ತು ಯಾರೂ ಯಾರನ್ನೂ ಮುಟ್ಟುವುದು ಬೇಡ. ಇಬ್ಬರೂ ಒಂದೇ ಮನೆಯಲ್ಲಿ, ಮೇಡಂ ಮನೆಯಲ್ಲಿ ಇರಲಿ. ನದಿಯೇ ಹೇಳಲಿ. ಮೊಸಳೆ ಇನ್ನೊಬ್ಬರನ್ನು ಎಳೆದುಕೊಂಡು ಹೋದ ದಿನ ಮತ್ತೆ ಇಲ್ಲೇ ಕೂರೋಣ ಎಂದರು. ಹುಲ್ಲಿನ ಹೊರೆಗಳನ್ನು ನಮ್ಮ ಕಣ್ಣೆದುರೇ ಹೊತ್ತು ತಂದು ನನ್ನ ಮನೆಯ ಹಿಂದಿನ ಗೋಡೆಗೆ ಒರಗಿಸಿಟ್ಟರು. ಕಾದಿಡುವುದಕ್ಕೆ ಜಾಗ ಬೇಕಲ್ಲ ಎಂದರು.

ಶುಕ್ರವಾರ ಬೆಳಿಗ್ಗೆ ಶಾಲೆಯ ಕಬ್ಬಿಣದ ತುಂಡು ಬಾರಿಸಿದೆ. ಯಾರೂ ಬರಲಿಲ್ಲ. ಇನ್ನೊಮ್ಮೆ ಬಾರಿಸಿದೆ. ಗೋಡೆಯ ಮೇಲೆ ಹಿಟ್ಟಿನ ಚೀಲದ ಪಟ ಗಾಳಿಗೆ ಅಲ್ಲಾಡುತ್ತಿತ್ತು. ಕೆಳಗೆ ನದಿಯ ದಾರಿಯಲ್ಲಿ ಹೆಂಗಸರು, ಹುಡುಗಿಯರು ಬಕೆಟ್ಟು ಹೊತ್ತು ಇಳಿಯುತ್ತಿದ್ದರು. ಆರು ಗೂಟ ಇನ್ನೂ ಯಾರೂ ನೆಟ್ಟಿಲ್ಲ. ಲಾರಿಗೆ ಆರು ದಿನ ಇದೆ. ಪ್ರತಿ ಬಕೆಟ್ಟು ವಾಪಸ್ ಮೇಲೆ ಬರುವವರೆಗೂ ನಾನು ಎಣಿಸುತ್ತಾ ನಿಂತೆ.

ಅಜ್ಜಿ ಶಾಲೆಯ ಜಗಲಿಯ ನೆರಳಿನಲ್ಲಿ ಮುದುಡಿ ಕೂತಿದ್ದಳು. ಚಳಿಗೆ ಗಡಗಡ ನಡುಗುತ್ತಿದ್ದಳು. ಬಿಸಿಲಿಗೆ ಬಾ ಎಂದರೆ, ಬೇಡ ಮಗಾ, ನೋಡ್ತಾರೆ ಎಂದಳು. ನಾನೂ ಅವಳ ಪಕ್ಕ ಕೂತೆ. ನನ್ನ ಬೆರಳುಗಳೂ ಸೆಟೆದುಕೊಂಡವು. ಎರಡು ಹೆಜ್ಜೆ ಆಚೆ ಎಳೆಬಿಸಿಲು ಬಿದ್ದಿತ್ತು, ಅಲ್ಲಿಗೆ ಹೋಗಲು ನನಗೂ ಹೆದರಿಕೆ. ಆಮೇಲೆ ನನಗೆ ಎಲ್ಲಿಲ್ಲದ ರೋಷ ಬಂತು. ಕುರ್ಚಿ ಎಳೆದು ಬಿಸಿಲಿಗೆ ಹಾಕಿದೆ, ಚಾಪೆ ಎಳೆದು ಪಕ್ಕಕ್ಕೆ ಹಾಸಿದೆ, ಅಜ್ಜಿಯನ್ನು ತೋಳು ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದೆ. ನಾನು ಚಾಪೆಯ ಮೇಲೆ ಕೂತು, ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ವ್ಯಾಸಲೀನ್ ಸವರತೊಡಗಿದೆ. ಕಾಲು ತಣ್ಣಗಿತ್ತು. ನನ್ನ ಕೈ ಅದಕ್ಕಿಂತ ತಣ್ಣಗಿತ್ತು.

ಬಯಲಿನಾಚೆ ಹುತ್ತದ ಪಕ್ಕದಲ್ಲಿ ಯಾರೋ ನಿಂತ ಹಾಗಾಯಿತು. ತಲೆ ಎತ್ತಿದೆ. ಬೋಳು ತಲೆ, ನೀಲಿ ಸಮವಸ್ತ್ರ. ಒಬ್ಬಳೇ ಬಂದಿದ್ದಳು. ನಾನು ಕೈ ಬೀಸಿ ಕರೆದೆ. ತಿಯಾಮಿಕೆ ಹತ್ತಿರ ಬರಲಿಲ್ಲ. ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದಳು, ಮೇಲೆ ಸೂರ್ಯನನ್ನು ನೋಡಿದಳು. ಆಮೇಲೆ ಪುಸ್ತಕ ತೆಗೆದು ಬರೆದುಕೊಂಡಳು.